ಮಾನವ ಅಭಿವೃದ್ಧಿ ಸೂಚ್ಯಂಕ: ಮಕ್ಕಳ ಲೆಕ್ಕ 0.685ಕ್ಕೆ ಕೂಡುತ್ತಿಲ್ಲ, ಗಲ್ಫಿನ ದುಡ್ಡು ಯಾವ ಲೆಕ್ಕಕ್ಕೆ ಸೇರುತ್ತದೆ?

ಕುಂಬಳೆ ಟೀಚರ್:

ನಮಸ್ಕಾರ. ಪ್ಲಸ್ ವನ್ (ಹನ್ನೊಂದನೇ ತರಗತಿ) ಎಕನಾಮಿಕ್ಸ್‌ನಲ್ಲಿ ಭಾರತ, ಚೀನ, ಪಾಕಿಸ್ತಾನಗಳನ್ನು ಹೋಲಿಸುವ ಪಾಠ ಇದೆಯಲ್ಲ, ಅದರ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳಿಂದಲೇ ಆಯುಸ್ಸು, ಶಿಕ್ಷಣ, ಆದಾಯ ಮೂರನ್ನೂ ಸೇರಿಸುವ ಮಾನವ ಅಭಿವೃದ್ಧಿ ಸೂಚ್ಯಂಕದ ಲೆಕ್ಕ ಹಾಕಿಸುವ ಚಟುವಟಿಕೆ ತಯಾರಿಸುತ್ತಿದ್ದೇನೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ (ಯುಎನ್‌ಡಿಪಿ) 2025ರ ವರದಿಯಲ್ಲಿ ಭಾರತದ 2023ರ ಅಂಕಿಗಳು ಹೀಗಿವೆ: ನಿರೀಕ್ಷಿತ ಆಯುಸ್ಸು 72.0 ವರ್ಷ, ನಿರೀಕ್ಷಿತ ಶಾಲಾ ವರ್ಷ 13.0, ಸರಾಸರಿ ಶಾಲಾ ವರ್ಷ 6.9, ತಲಾ ಜಿಎನ್‌ಐ (ಒಟ್ಟು ರಾಷ್ಟ್ರೀಯ ಆದಾಯ) 9,047 ಡಾಲರ್. ಉತ್ತರ 0.685 ಬರಬೇಕು. ಒಂದು ಗುಂಪಿಗೆ 0.691, ಇನ್ನೊಂದಕ್ಕೆ 0.384, ಮತ್ತೊಂದಕ್ಕೆ 0.107 ಬಂದಿದೆ. ಎಲ್ಲಿ ತಪ್ಪುತ್ತಿದೆ?

ಜೊತೆಗೆ ಇನ್ನೆರಡು ಸಂಶಯ. ಹಿಂದಿನ ವರದಿಯಲ್ಲಿ ಭಾರತಕ್ಕೆ 0.644 ಇತ್ತು, ಈಗ 0.685. ಒಂದೇ ವರ್ಷದಲ್ಲಿ ಇಷ್ಟು ಏರಿತೇ? ಮತ್ತೆ, ‘ಜಿಡಿಪಿಗೆ ವಿದೇಶದಿಂದ ಬರುವ ಹಣ ಕೂಡಿಸಿದರೆ ಜಿಎನ್‌ಐ’ ಎಂದು ಗೈಡಿನಲ್ಲಿದೆ. ಹಾಗಾದರೆ ನಮ್ಮ ಕಾಸರಗೋಡು ಕಡೆಯ ಮನೆಗಳಿಗೆ ದುಬೈ, ಕತಾರಿನಿಂದ ಬರುವ ದುಡ್ಡೆಲ್ಲ ಅದರೊಳಗೆ ಸೇರಿದೆ ಎಂದು ಹೇಳಬಹುದೇ? ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ಗಲ್ಫಿನವರಿದ್ದಾರೆ, ಕೇಳದೆ ಬಿಡುವವರಲ್ಲ.

ಲೆಕ್ಕದ ಮಾಷ್, ಬದಿಯಡ್ಕ:

ಟೀಚರ್, ಮೂರು ತಪ್ಪು ಉತ್ತರಗಳಿಗೂ ಬೇರೆ ಬೇರೆ ಕಾರಣ. ಸರಿ ಲೆಕ್ಕ ಮೊದಲು ಹೇಳುತ್ತೇನೆ.

ಪ್ರತಿ ಅಂಕಿಯನ್ನೂ 0 ಮತ್ತು 1ರ ನಡುವೆ ತರಬೇಕು: ಅಂಕಿಯಿಂದ ಕನಿಷ್ಠ ಕಳೆದು, ಗರಿಷ್ಠ ಮತ್ತು ಕನಿಷ್ಠದ ಅಂತರದಿಂದ ಭಾಗಿಸುವುದು. ಆಯುಸ್ಸಿಗೆ ಕನಿಷ್ಠ 20, ಗರಿಷ್ಠ 85. ಅಂದರೆ 52ನ್ನು 65ರಿಂದ ಭಾಗಿಸಿದರೆ 0.800. ನಿರೀಕ್ಷಿತ ಶಾಲಾ ವರ್ಷಕ್ಕೆ ಗರಿಷ್ಠ 18, ಸರಾಸರಿ ಶಾಲಾ ವರ್ಷಕ್ಕೆ 15, ಎರಡಕ್ಕೂ ಕನಿಷ್ಠ ಸೊನ್ನೆ. 0.722 ಮತ್ತು 0.460 ಬರುತ್ತದೆ. ಇವೆರಡರ ಸಾದಾ ಸರಾಸರಿ 0.591, ಅದೇ ಶಿಕ್ಷಣ ಸೂಚ್ಯಂಕ.

ಆದಾಯಕ್ಕೆ ಕನಿಷ್ಠ 100, ಗರಿಷ್ಠ 75,000 ಡಾಲರ್. ಇಲ್ಲಿ ಅಂಕಿಗಳನ್ನು ನೇರ ಹಾಕದೆ ಲಾಗ್ ತೆಗೆದು ಹಾಕಬೇಕು. 9,047ನ್ನು 100ರಿಂದ ಭಾಗಿಸಿದರೆ 90.47. ಅದರ ಲಾಗನ್ನು 750ರ ಲಾಗ್‌ನಿಂದ ಭಾಗಿಸಿ. ಲಾಗ್ ಟೇಬಲ್ ನೋಡಿ ಮಾಡಿದರೂ ಆಗುತ್ತದೆ: 1.9565 ಭಾಗಿಸು 2.8751, ಉತ್ತರ 0.6805. ಸ್ಪ್ರೆಡ್‌ಶೀಟ್ ತಂತ್ರಾಂಶವಾದ ಕ್ಯಾಲ್ಕ್‌ನ ಎಲ್‌ಎನ್ ಫಂಕ್ಷನ್ ಬಳಸಿದರೂ ಅದೇ ಬರುತ್ತದೆ, ಯಾಕೆಂದರೆ ಭಾಗಾಕಾರದಲ್ಲಿ ಲಾಗ್‌ನ ಆಧಾರಸಂಖ್ಯೆ ಹೊಡೆದು ಹೋಗುತ್ತದೆ. ಮೇಲೆ ಒಂದು ಆಧಾರ, ಕೆಳಗೆ ಇನ್ನೊಂದು ಹಾಕಿದರೆ ಮಾತ್ರ ಕೆಡುತ್ತದೆ.

ಕೊನೆಗೆ 0.800, 0.591, 0.6805 ಮೂರನ್ನೂ ಗುಣಿಸಿದರೆ 0.3218. ಅದರ ಘನಮೂಲ 0.685. ಕೂಡಿತಲ್ಲ.

0.691 ಬಂದ ಗುಂಪು ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದೆ. 2010ರ ತನಕ ಹಾಗೇ ಇತ್ತು, ಆ ವರ್ಷದಿಂದ ಗುಣೋತ್ತರ ಸರಾಸರಿ, ಅಂದರೆ ಮೂರನ್ನೂ ಗುಣಿಸಿ ಘನಮೂಲ ತೆಗೆಯುವುದು. ಕೂಡಿಸಿ ಭಾಗಿಸುವ ಕ್ರಮದಲ್ಲಿ ಆದಾಯ ಜೋರಿದ್ದರೆ ಶಾಲೆಯ ಕೊರತೆ ಮುಚ್ಚಿಹೋಗುತ್ತಿತ್ತು. ಗುಣಿಸುವಾಗ ಯಾವುದಾದರೂ ಒಂದು ತಗ್ಗಿದರೆ ಇಡೀ ಉತ್ತರವನ್ನೇ ಕೆಳಗೆಳೆಯುತ್ತದೆ. 0.384 ಬಂದವರು ಲಾಗ್ ಬಿಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಭಾರತ, ಪಟ್ಟಿಯ ಕಟ್ಟಕಡೆಯ ದಕ್ಷಿಣ ಸುಡಾನಿಗಿಂತ (0.388) ಕೆಳಗೆ! ಇದನ್ನು ಮಕ್ಕಳಿಗೆ ತೋರಿಸಿದರೆ ಲಾಗ್ ಯಾಕೆ ಬೇಕು ಎಂದು ಬೇರೆ ವಿವರಿಸಬೇಕಾಗಿಲ್ಲ. ಲಾಗ್ ಇದ್ದಾಗ ಆದಾಯ 1,000ದಿಂದ 2,000ಕ್ಕೆ ಏರಿದರೂ, 20,000ದಿಂದ 40,000ಕ್ಕೆ ಏರಿದರೂ ಆದಾಯ ಸೂಚ್ಯಂಕಕ್ಕೆ ಸಿಗುವುದು ಸಮಾನ, ಸುಮಾರು 0.105.

0.107 ಬಂದದ್ದು ಬರೇ ಆವರಣದ ಪೆಟ್ಟು. ಘನಮೂಲಕ್ಕೆ ಘಾತದ ಗುರುತು ಹಾಕಿ 1/3 ಎಂದು ಆವರಣವಿಲ್ಲದೆ ಬರೆದರೆ, ಕ್ಯಾಲ್ಕ್ ಮೊದಲು 1ರ ಘಾತ ತೆಗೆದು ಆಮೇಲೆ 3ರಿಂದ ಭಾಗಿಸುತ್ತದೆ. 1/3ನ್ನು ಆವರಣದೊಳಗೆ ಹಾಕಿಸಿ, ಇಲ್ಲವೇ ಜಿಯೋಮೀನ್ ಫಂಕ್ಷನ್ ಬಳಸಿ.

ಇನ್ನೊಂದು ಮರೆಯಬೇಡಿ. ಗರಿಷ್ಠ ದಾಟಿದರೆ 1ಕ್ಕೆ ನಿಲ್ಲಿಸಬೇಕು. ಆಸ್ಟ್ರೇಲಿಯದ ನಿರೀಕ್ಷಿತ ಶಾಲಾ ವರ್ಷ 18ಕ್ಕಿಂತ ಹೆಚ್ಚು, ಸಿಂಗಾಪುರ, ಕತಾರಿನ ತಲಾ ಆದಾಯ 75,000 ದಾಟುತ್ತದೆ. ಮಿನ್ ಫಂಕ್ಷನ್ ಹಾಕದಿದ್ದರೆ 1ಕ್ಕಿಂತ ದೊಡ್ಡ ಸೂಚ್ಯಂಕ ಬಂದು ಮಕ್ಕಳು ಗಾಬರಿಯಾಗುತ್ತಾರೆ.

ಗಡಿಯಾಚೆ:

ಹಳೆಯ ಗೈಡುಗಳಲ್ಲಿ ಇನ್ನೂ ವಯಸ್ಕರ ಸಾಕ್ಷರತೆಗೆ ಮೂರರಲ್ಲಿ ಎರಡು ಪಾಲು, ದಾಖಲಾತಿಗೆ ಒಂದು ಪಾಲು, ಆಯುಸ್ಸಿಗೆ ಕನಿಷ್ಠ 25, ಆದಾಯಕ್ಕೆ ಗರಿಷ್ಠ 40,000 ಎಂದಿದೆ. ಅದು ಕೈಬಿಟ್ಟ ಸೂತ್ರ. ಅದರ ಗರಿಷ್ಠ ಕನಿಷ್ಠಗಳನ್ನು ಹೊಸ ಅಂಕಿಗಳಿಗೆ ಹಚ್ಚಬೇಡಿ.

ಸಾಕ್ಷರತೆ ಬಿಟ್ಟದ್ದರಿಂದ ಕೇರಳದಂಥ ಕಡೆ ಒಂದು ವ್ಯತ್ಯಾಸ ಬಿದ್ದಿದೆ. 1991ರ ಏಪ್ರಿಲ್ 18ರಂದು ಸಂಪೂರ್ಣ ಸಾಕ್ಷರತೆ ಘೋಷಣೆಯಾಯಿತಲ್ಲ, ಆ ಆಂದೋಲನದಲ್ಲಿ ಅಕ್ಷರ ಕಲಿತ ಅಜ್ಜಿ ಹಳೆಯ ಸೂತ್ರದಲ್ಲಿ ಪೂರ್ತಿ ಲೆಕ್ಕಕ್ಕೆ ಬರುತ್ತಿದ್ದರು. ಸರಾಸರಿ ಶಾಲಾ ವರ್ಷದಲ್ಲಿ ಅವರದ್ದು ಸೊನ್ನೆಯೇ. 25 ವರ್ಷ ದಾಟಿದವರು ಶಾಲೆಯಲ್ಲಿ ಎಷ್ಟು ವರ್ಷ ಮುಗಿಸಿದ್ದಾರೆ ಎಂಬುದಷ್ಟೇ ಅಲ್ಲಿ ಗಣನೆ. ಹಾಗಾಗಿ ಆ ಅಂಕಿ ಆಮೆಯ ನಡಿಗೆಯಲ್ಲಿ ಏರುತ್ತದೆ. ಈಗ ಒಂದನೇ ತರಗತಿಗೆ ಸೇರುವ ಮಗುವಿನ ಮುಂದಿನ ಓದನ್ನು ಹೇಳುವುದು ನಿರೀಕ್ಷಿತ ಶಾಲಾ ವರ್ಷ. 13.0 ಮತ್ತು 6.9ರ ನಡುವಿನ ಅಂತರ ಅಂದರೆ ಮಕ್ಕಳಿಗೂ ಅವರ ಅಪ್ಪ, ಅಜ್ಜಂದಿರಿಗೂ ಇರುವ ಅಂತರ.

0.644ರಿಂದ 0.685 ಎಂಬುದು ಏರಿಕೆಯಲ್ಲ, ಅದು ಎರಡು ಬೇರೆ ವರದಿಗಳ ಅಂಕಿ. 2024ರಲ್ಲಿ ಬಂದ ವರದಿ 2022ಕ್ಕೆ 0.644 ಕೊಟ್ಟಿತ್ತು, ಆಗ ಆಯುಸ್ಸು 67.7, ಆದಾಯ 2017ರ ಪಿಪಿಪಿ (ಕೊಳ್ಳುವ ಶಕ್ತಿಗೆ ಹೊಂದಿಸಿದ) ಡಾಲರ್‌ನಲ್ಲಿ 6,951. 2025ರ ವರದಿಯಲ್ಲಿ ಆಯುಸ್ಸಿನ ಹಳೆಯ ಅಂದಾಜುಗಳು ಪರಿಷ್ಕರಣೆಯಾದವು, ಆದಾಯ 2021ರ ಪಿಪಿಪಿ ಡಾಲರ್‌ಗೆ ಬದಲಾಯಿತು. ಅದೇ ವರದಿಯ ಲೆಕ್ಕದಲ್ಲಿ 2022ರ ಮೌಲ್ಯ 0.676. ಅಂದರೆ ನಿಜವಾದ ಏರಿಕೆ 0.676ರಿಂದ 0.685, ಸ್ಥಾನ 133ರಿಂದ 130. ವರ್ಷದಿಂದ ವರ್ಷಕ್ಕೆ ಹೋಲಿಸುವುದಾದರೆ ಒಂದೇ ವರದಿಯ ಎರಡನೇ ಕೋಷ್ಟಕ ತೆರೆಯಿರಿ. ಪತ್ರಿಕೆಯ ತಲೆಬರಹಗಳು ಪ್ರತಿ ಸಲ ಎಡವುವುದು ಇಲ್ಲೇ.

ನೆರೆಯವರ ಅಂಕಿ ಬೇಕಿದ್ದರೆ ಅದೇ ವರದಿಯಿಂದ: ಚೀನ 0.797, ಶ್ರೀಲಂಕಾ 0.776, ಪಾಕಿಸ್ತಾನ 0.544. ಬಾಂಗ್ಲಾದೇಶ ನಮ್ಮಷ್ಟೇ, 0.685. ಅವರ ಆದಾಯ ನಮಗಿಂತ ಸ್ವಲ್ಪ ಕಡಿಮೆ, ಆಯುಸ್ಸು ಎರಡು ವರ್ಷಕ್ಕೂ ಹೆಚ್ಚು. ಪಾಠದಲ್ಲಿ ಪಾಕಿಸ್ತಾನದ ಬದಿಗೆ ಬಾಂಗ್ಲಾದೇಶವನ್ನೂ ಇಟ್ಟರೆ ಮಕ್ಕಳು ಸರಿಯಾದ ಪ್ರಶ್ನೆ ಕೇಳುತ್ತಾರೆ.

ಉಪ್ಪಳ ಅಕೌಂಟ್ಸ್:

ಗಲ್ಫಿನ ದುಡ್ಡಿನ ವಿಷಯದಲ್ಲಿ ಆ ಗೈಡನ್ನು ನಂಬಬೇಡಿ ಟೀಚರ್. ಜಿಡಿಪಿಗೆ ಕೂಡಿಸುವುದು ವಿದೇಶದಿಂದ ಬರುವ ‘ಹಣ’ವನ್ನಲ್ಲ, ‘ಪ್ರಾಥಮಿಕ ಆದಾಯ’ವನ್ನು. ಅಂದರೆ ಇಲ್ಲಿನ ನಿವಾಸಿಗಳು ಹೊರಗೆ ಗಳಿಸಿದ ಸಂಬಳ, ಬಡ್ಡಿ, ಡಿವಿಡೆಂಡ್. ಅದರಿಂದ ಹೊರಗಿನವರು ಇಲ್ಲಿ ಗಳಿಸಿದ್ದನ್ನು ಕಳೆಯಬೇಕು.

ನಿವಾಸಿ ಯಾರು ಎಂಬುದೇ ಇಲ್ಲಿ ಗಂಟು. ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ನೋಡುವುದಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಒಂದು ದೇಶದಲ್ಲಿ ನೆಲೆಸಿದರೆ, ನೆಲೆಸುವ ಉದ್ದೇಶವಿದ್ದರೆ, ಲೆಕ್ಕದಲ್ಲಿ ಆತ ಅಲ್ಲಿನ ನಿವಾಸಿ. ಶಾರ್ಜಾದ ಅಂಗಡಿಯಲ್ಲಿ ಎಂಟು ವರ್ಷದಿಂದ ಇರುವ ಉಪ್ಪಳದ ಹುಡುಗನ ಸಂಬಳ ಯುಎಇಯ ಜಿಡಿಪಿಗೂ ಸೇರುತ್ತದೆ, ಜಿಎನ್‌ಐಗೂ ಸೇರುತ್ತದೆ. ಆತ ಅಮ್ಮನಿಗೆ ತಿಂಗಳು ತಿಂಗಳು ಕಳುಹಿಸುವುದು ‘ವೈಯಕ್ತಿಕ ವರ್ಗಾವಣೆ’. ಅದು ಪ್ರಾಥಮಿಕ ಆದಾಯವಲ್ಲ, ದ್ವಿತೀಯ ಆದಾಯ. ಭಾರತದ ಜಿಎನ್‌ಐಯಲ್ಲಿ ಅದು ಇಲ್ಲ. ಜಿಎನ್‌ಐಗೆ ಇಂಥ ವರ್ಗಾವಣೆಗಳನ್ನು ಕೂಡಿಸಿದಾಗ ಸಿಗುವ ‘ಒಟ್ಟು ರಾಷ್ಟ್ರೀಯ ವಿನಿಯೋಗಾರ್ಹ ಆದಾಯ’ದಲ್ಲಿ ಮಾತ್ರ ಇದೆ. ಅದೇ ಹುಡುಗ ಆರು ತಿಂಗಳ ಕಾಂಟ್ರಾಕ್ಟಿಗೆ ಹೋಗಿ ಬಂದಿದ್ದರೆ ಮನೆಗೆ ಕಳುಹಿಸಿದ್ದಷ್ಟೇ ಅಲ್ಲ, ಪೂರ್ತಿ ಸಂಬಳವೇ ನಮ್ಮ ಜಿಎನ್‌ಐಗೆ ಸೇರುತ್ತಿತ್ತು.

ಇನ್ನೂ ಒಂದು ವಿಚಿತ್ರ ಉಂಟು. ಆತ ಇಲ್ಲಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಎಫ್‌ಡಿ (ಅನಿವಾಸಿಗಳ ನಿಶ್ಚಿತ ಠೇವಣಿ) ಇಟ್ಟರೆ, ಅದರ ಬಡ್ಡಿ ‘ಹೊರಗಿನವರಿಗೆ ಕೊಟ್ಟ ಆದಾಯ’ ಎಂದು ನಮ್ಮ ಜಿಎನ್‌ಐಯಿಂದ ಕಳೆಯುತ್ತಾರೆ!

ನೇಪಾಳ ನೋಡಿದರೆ ವಿಷಯ ಸ್ಪಷ್ಟ. ಹೊರಗೆ ದುಡಿಯುವವರು ಅಲ್ಲಿಗೆ ಕಳುಹಿಸುವ ಹಣ ಜಿಡಿಪಿಯ ಸುಮಾರು ಕಾಲು ಭಾಗ, ಆದರೂ ಜಿಎನ್‌ಐ ಮತ್ತು ಜಿಡಿಪಿ ಹೆಚ್ಚುಕಡಿಮೆ ಒಂದೇ. ಐರ್ಲೆಂಡಿನದ್ದು ಉಲ್ಟಾ ಕಥೆ: ಬಹುರಾಷ್ಟ್ರೀಯ ಕಂಪನಿಗಳ ಲಾಭ ಅಲ್ಲಿ ದಾಖಲಾಗಿ ಹೊರಗೆ ಹೋಗುವುದರಿಂದ ಜಿಡಿಪಿ ಜಿಎನ್‌ಐಗಿಂತ ಬಹಳ ದೊಡ್ಡದು. 2015ರಲ್ಲಿ ಅವರ ಜಿಡಿಪಿ 26 ಶೇಕಡಾ ಬೆಳೆದದ್ದಾಗಿ ತೋರಿಸಿದಾಗ, ಅವರ ಅಂಕಿಅಂಶ ಕಚೇರಿಯೇ ಬೇರೊಂದು ಪರಿಷ್ಕೃತ ಜಿಎನ್‌ಐ ಕೊಡಲು ಶುರು ಮಾಡಿತು.

ರಾಜ್ಯದ ಮಟ್ಟದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ರಾಜ್ಯದ ಆದಾಯವನ್ನು ಉತ್ಪಾದನೆ ಎಲ್ಲಾಯಿತೋ ಅಲ್ಲಿಗೆ ಬರೆಯುತ್ತಾರೆ. ಮಂಜೇಶ್ವರದಿಂದ ದಿನಾ ರಾಜ್ಯದ ಗಡಿ ತಲಪಾಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರ ದುಡಿಮೆ ಕರ್ನಾಟಕದ ಲೆಕ್ಕ. ತಲಾ ರಾಜ್ಯ ಆದಾಯದಲ್ಲಿ ಕರ್ನಾಟಕ ಕೇರಳಕ್ಕಿಂತ ಮುಂದೆ. ಆದರೆ 2022-23ರ ಮನೆವಾರು ಖರ್ಚಿನ ಸಮೀಕ್ಷೆಯಲ್ಲಿ ಗ್ರಾಮೀಣ ಕೇರಳದ ತಲಾ ಮಾಸಿಕ ಖರ್ಚು 5,924 ರೂಪಾಯಿ, ಗ್ರಾಮೀಣ ಕರ್ನಾಟಕದ್ದು 4,397. ಆ ಅಂತರದಲ್ಲಿ ಹೊರಗಿನಿಂದ ಬರುವ ದುಡ್ಡಿಗೆ ದೊಡ್ಡ ಪಾಲಿದೆ. ಹಾಗೆಂದು ಆ ದುಡ್ಡು ಪೂರ್ತಿ ಅದೃಶ್ಯವೂ ಅಲ್ಲ: ಅದರಲ್ಲಿ ಮನೆ ಕಟ್ಟಿಸಿದರೆ ಮೇಸ್ತ್ರಿಯ ಕೂಲಿ, ಕಲ್ಲುಕೋರೆಯ ವ್ಯಾಪಾರ ರಾಜ್ಯದ ಉತ್ಪನ್ನವಾಗಿ ಬರುತ್ತದೆ.

ಕುಂಬಳೆ ಟೀಚರ್:

ಮಾಷ್ಟ್ರೇ, ಉಳಿದವರೂ, ತುಂಬಾ ಉಪಕಾರ. ಒಬ್ಬ ಹುಡುಗ ಡಾಲರಿಗೆ 85 ರೂಪಾಯಿ ಎಂದು 9,047ನ್ನು 85ರಿಂದ ಗುಣಿಸಿ, ‘ತಲೆಗೆ ಏಳೂಮುಕ್ಕಾಲು ಲಕ್ಷ ಬಂತು, ಯಾರ ಮನೆಯಲ್ಲಿ ಉಂಟು ಟೀಚರ್?’ ಎಂದ. ಮತ್ತೆ, ಕಾಸರಗೋಡು ಜಿಲ್ಲೆಗೆ ಇದೇ ಸೂಚ್ಯಂಕವನ್ನು ಪ್ರಾಜೆಕ್ಟಾಗಿ ಮಾಡಿಸಬಹುದೇ?

ಲೆಕ್ಕದ ಮಾಷ್, ಬದಿಯಡ್ಕ:

ಹುಡುಗನ ಪ್ರಶ್ನೆ ಸರಿಯಾಗಿದೆ, ಗುಣಾಕಾರ ಸರಿಯಿಲ್ಲ. ಅದು ಪಿಪಿಪಿ ಡಾಲರ್, ಬ್ಯಾಂಕಿನ ವಿನಿಮಯ ದರ ಅದಕ್ಕೆ ಹೊಂದುವುದಿಲ್ಲ. ಬೆಲೆಗಳನ್ನು ಹೋಲಿಸಿ ತೆಗೆದ ದರ 2017ರ ಸುತ್ತಿನಲ್ಲಿ ಡಾಲರಿಗೆ 20.65 ರೂಪಾಯಿ ಇತ್ತು, ಆಗ ಮಾರುಕಟ್ಟೆಯಲ್ಲಿ 65.12. ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವ ಸಾಮಾನು ಇಲ್ಲಿ ಸರಾಸರಿ ಇಪ್ಪತ್ತು ಚಿಲ್ಲರೆ ರೂಪಾಯಿಗೆ ಸಿಗುತ್ತದೆ ಎಂದರ್ಥ. 20ರಿಂದ ಗುಣಿಸಿ ನೋಡಲಿ, ವರ್ಷಕ್ಕೆ 1.8 ಲಕ್ಷದ ಆಸುಪಾಸು ಬರುತ್ತದೆ. ಅದೂ ಸರಾಸರಿ, ಯಾವುದೋ ಒಂದು ಮನೆಯದ್ದಲ್ಲ. ವಿಶ್ವಬ್ಯಾಂಕ್ ದೇಶಗಳನ್ನು ಕಡಿಮೆ, ಮಧ್ಯಮ, ಹೆಚ್ಚು ಆದಾಯ ಎಂದು ವಿಂಗಡಿಸುವುದಕ್ಕೆ ಪಿಪಿಪಿ ಬಳಸುವುದಿಲ್ಲ. ಅಲ್ಲಿ ಮಾರುಕಟ್ಟೆ ದರದ ಮೂರು ವರ್ಷಗಳ ಸರಾಸರಿಯಿಂದ ತೆಗೆದ ಅಂಕಿ. ಎರಡು ಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ಬೆರೆಸಬೇಡಿ.

ಗಡಿಯಾಚೆ:

ಜಿಲ್ಲೆಗೆ ಪೂರ್ತಿ ಸೂಚ್ಯಂಕ ಮಾಡಿಸಬೇಡಿ, ಬರುವ ಉತ್ತರ ನಿಲ್ಲುವುದಿಲ್ಲ. ಆಯುಸ್ಸಿನ ಅಂದಾಜು ಕೊಡುವ ಎಸ್‌ಆರ್‌ಎಸ್ (ಮಾದರಿ ನೋಂದಣಿ ವ್ಯವಸ್ಥೆ) ರಾಜ್ಯದ ಮಟ್ಟಕ್ಕೇ ನಿಲ್ಲುತ್ತದೆ. ಜನನ ಮರಣ ನೋಂದಣಿಯಿಂದ ತೆಗೆಯೋಣ ಎಂದರೆ, ನೋಂದಣಿ ಆಗುವುದು ಘಟನೆ ನಡೆದ ಜಾಗದಲ್ಲಿ. ಮಂಜೇಶ್ವರ, ಕುಂಬಳೆ ಕಡೆಯ ಹೆರಿಗೆಗಳೂ ಕೊನೆಗಾಲದ ಚಿಕಿತ್ಸೆಗಳೂ ಎಷ್ಟೋ ಮಂಗಳೂರಿನ ಆಸ್ಪತ್ರೆಗಳಲ್ಲಿ, ಅವೆಲ್ಲ ಆಚೆ ಬದಿಯ ರಿಜಿಸ್ಟರಿನಲ್ಲಿರುತ್ತವೆ. ಕಾಲೇಜು ದಾಖಲಾತಿಯೂ ಹಾಗೇ: ಉನ್ನತ ಶಿಕ್ಷಣ ಸಮೀಕ್ಷೆ ವಿದ್ಯಾರ್ಥಿಯನ್ನು ಸಂಸ್ಥೆ ಇರುವ ರಾಜ್ಯದಲ್ಲಿ ಎಣಿಸುತ್ತದೆ. ಜಿಲ್ಲೆಯ ಉತ್ಪನ್ನದ ಅಂಕಿ ಕೇರಳದ ಇಕನಾಮಿಕ್ಸ್ ಆಂಡ್ ಸ್ಟ್ಯಾಟಿಸ್ಟಿಕ್ಸ್ ಇಲಾಖೆಯಲ್ಲಿ ಸಿಗುತ್ತದೆ, ಆದರೆ ಅದು ಜಿಎನ್‌ಐ ಅಲ್ಲ.

ಬದಲಿಗೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5) ಜಿಲ್ಲಾ ಪಟ್ಟಿ ತೆಗೆದುಕೊಳ್ಳಿ. ಕಾಸರಗೋಡು, ದಕ್ಷಿಣ ಕನ್ನಡ ಎರಡಕ್ಕೂ ಒಂದೇ ಪ್ರಶ್ನಾವಳಿ, ಜನರನ್ನು ಕೇಳಿದ್ದು ಅವರ ಮನೆಯಲ್ಲೇ. ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದ ಮಹಿಳೆಯರು, ಐದರೊಳಗಿನ ಮಕ್ಕಳ ಕುಂಠಿತ ಬೆಳವಣಿಗೆ, ರಕ್ತಹೀನತೆ, ಹೀಗೆ ನಾಲ್ಕೈದು ಸೂಚಕ ಆರಿಸಿ ಪಕ್ಕಪಕ್ಕ ಇಡಿಸಿ. ಕೂಡಿಸಿ ಒಂದೇ ಅಂಕಿ ಮಾಡಬೇಡಿ. ಮಾಡಲೇಬೇಕೆಂದರೆ ಯಾವುದಕ್ಕೆ ಎಷ್ಟು ತೂಕ ಎಂದು ಮೊದಲೇ ಬರೆದಿಡಲಿ, ಉತ್ತರ ನೋಡಿದ ಮೇಲೆ ಬದಲಿಸುವಂತಿಲ್ಲ.

ಉಪ್ಪಳ ಅಕೌಂಟ್ಸ್:

ಅಸಮಾನತೆಯನ್ನೂ ಸೇರಿಸುವ ಮನಸ್ಸಿದ್ದರೆ ಜಿನಿ ಅಂಕಿಗೆ (ಅಸಮಾನತೆಯ ಅಳತೆ, ಕಡಿಮೆಯಾದಷ್ಟೂ ಸಮಾನತೆ ಹೆಚ್ಚು) ಕೈ ಹಾಕುವ ಮುನ್ನ ಅದು ಖರ್ಚಿನದ್ದೋ ಆದಾಯದ್ದೋ ನೋಡಿಸಿ. ಭಾರತದ 2022-23ರ 25.5 ಖರ್ಚಿನ ಜಿನಿ. ಲ್ಯಾಟಿನ್ ಅಮೆರಿಕದ ಹೆಚ್ಚಿನ ದೇಶಗಳದ್ದು ಆದಾಯದ್ದು. ಉಳ್ಳವರು ಆದಾಯದ ದೊಡ್ಡ ಪಾಲು ಉಳಿಸುವುದರಿಂದ ಖರ್ಚಿನಲ್ಲಿ ಅಂತರ ಸಾಮಾನ್ಯವಾಗಿ ಚಿಕ್ಕದಾಗಿ ಕಾಣುತ್ತದೆ. ಭಾರತ ಜಗತ್ತಿನ ನಾಲ್ಕನೇ ಅತಿ ಸಮಾನ ದೇಶ ಎಂಬ ಸುದ್ದಿ 2025ರಲ್ಲಿ ಓಡಾಡಿದ್ದು ಈ ಎರಡನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರಿಂದ. ಯುಎನ್‌ಡಿಪಿ ವರದಿಯ ಮೂರನೇ ಕೋಷ್ಟಕ ಇದಕ್ಕಿಂತ ವಾಸಿ: ಅಸಮಾನತೆಗಾಗಿ ಭಾರತದ ಮೌಲ್ಯದಲ್ಲಿ 30.7 ಶೇಕಡಾ ಕಳೆದರೆ 0.685 ಇದ್ದದ್ದು 0.475 ಆಗುತ್ತದೆ, ಮಕ್ಕಳ ಹಾಳೆಯಲ್ಲಿ ಒಂದು ಕಾಲಮ್ ಹೆಚ್ಚಿಸಿದರೆ ಸಾಕು.