ಸ್ಟೆಂಟ್ ಒಳಗೆ ಮತ್ತೆ ಕಟ್ಟಿಕೊಂಡಿದೆಯೇ? ಸಿ.ಟಿ. ಆಂಜಿಯೋ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಫಿಜಿಶಿಯನ್): ಮೇಡಂ, ಎಲ್‌ಎಡಿಯಲ್ಲಿ (ಹೃದಯದ ಮುಂಭಾಗದ ಮುಖ್ಯ ರಕ್ತನಾಳ) 2.75 ಮಿ.ಮೀ. ವ್ಯಾಸದ ಸ್ಟೆಂಟ್ (ನಾಳ ತೆರೆದಿಡುವ ಲೋಹದ ಜಾಲರಿ ಕೊಳವೆ) ಇರುವವರಿಗೆ ಈಗ ನಡೆದಾಗ ಎದೆ ಹಿಡಿದ ಹಾಗಾಗುತ್ತಿದೆ, ಕೂತರೆ ಹೋಗುತ್ತದೆ. ಕ್ಯಾಥ್ ಲ್ಯಾಬ್‌ಗೆ (ನಾಳಕ್ಕೆ ಸಣ್ಣ ಕೊಳವೆ ತೂರಿಸಿ ನೋಡುವ ಕಡೆ) ಕಳಿಸದೆ ಸಿ.ಟಿ.ಯಲ್ಲೇ ಸ್ಟೆಂಟ್ ನೋಡಿಬಿಡಬಹುದೇ? 3 ಮಿ.ಮೀ.ಗಿಂತ ಸಣ್ಣದಾದರೆ ಬೇಡ ಎನ್ನುತ್ತಾರೆ. ಫೋಟಾನ್ ಕೌಂಟಿಂಗ್ ಯಂತ್ರ (ಎಕ್ಸ್-ರೇ ಕಣಗಳನ್ನು ಒಂದೊಂದಾಗಿ ಎಣಿಸುವ ಹೊಸ ಸಿ.ಟಿ.) ಬಂದ ಮೇಲೂ ಆ ಮಾತು ಹಾಗೇ ಇದೆಯೇ?

ಉತ್ತರ (ಕಾರ್ಡಿಯಾಕ್ ರೇಡಿಯಾಲಜಿ): ಸರ್, ಮೊದಲು ಒಂದು ಮಾತು. ನೋವು ಕೂತಾಗಲೂ ಬರಲು ಶುರುವಾಗಿದ್ದರೆ, ಅಥವಾ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಸಿ.ಟಿ.ಗೆ ಸಮಯ ಕಳೆಯಬೇಡಿ, ನೇರವಾಗಿ ಕ್ಯಾಥ್ ಲ್ಯಾಬ್‌ಗೆ ಕಳಿಸಿ. ಮುಂದಿನದೆಲ್ಲ ಸ್ಥಿರವಾಗಿರುವ ರೋಗಿಗೆ ಮಾತ್ರ.

3 ಮಿ.ಮೀ. ಗಡಿ ಬಂದದ್ದು ಹಳೆಯ ಡಿಟೆಕ್ಟರ್‌ಗಳ (ಎಕ್ಸ್-ರೇ ಹಿಡಿಯುವ ಭಾಗ) ಮಿತಿಯಿಂದ. ಸ್ಟೆಂಟ್ ಜಾಲರಿಯ ಒಂದೊಂದು ಎಳೆ ಸುಮಾರು 0.06ರಿಂದ 0.14 ಮಿ.ಮೀ. ದಪ್ಪ. ಸಾಮಾನ್ಯ ಸಿ.ಟಿ. ಬಿಡಿಸಿ ತೋರಿಸುವುದು ಹೆಚ್ಚುಕಡಿಮೆ ಅರ್ಧ ಮಿ.ಮೀ. ಎಳೆ ಪಿಕ್ಸೆಲ್‌ನ ಒಂದು ಮೂಲೆಯಲ್ಲಿದ್ದರೂ ಇಡೀ ಪಿಕ್ಸೆಲ್ ಬೆಳ್ಳಗಾಗುತ್ತದೆ. ಇದೇ ಬ್ಲೂಮಿಂಗ್. ಎರಡೂ ಬದಿಯ ಗೋಡೆ ತಲಾ ಅರ್ಧ ಮಿ.ಮೀ. ಒಳಕ್ಕೆ ಚಾಚಿಕೊಂಡರೆ 2.75ರಲ್ಲಿ ನೋಡಲು ಉಳಿಯುವುದು 1.75. ಅಷ್ಟರಲ್ಲಿ 50% ಕಿರಿದಾಗಿದೆಯೋ ಇಲ್ಲವೋ ಎಂದು ಹೇಳುವುದು ಊಹೆಯೇ ಆಗುತ್ತದೆ. ಅಮೆರಿಕದ 2021ರ ಎದೆನೋವು ಮಾರ್ಗಸೂಚಿ 3 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡ ಸ್ಟೆಂಟ್‌ಗೆ ಸಿ.ಟಿ. ಸೂಚಿಸಿದ್ದು ಈ ಕಾರಣಕ್ಕೇ.

ಫೋಟಾನ್ ಕೌಂಟಿಂಗ್‌ನಲ್ಲಿ ಮೂಲವೇ ಬೇರೆ. ಹಳೆಯ ಡಿಟೆಕ್ಟರ್ ಎಕ್ಸ್-ರೇಯನ್ನು ಮೊದಲು ಬೆಳಕಾಗಿಸಿ, ಆಮೇಲೆ ವಿದ್ಯುತ್ ಸಂಕೇತವಾಗಿಸುತ್ತದೆ. ಬೆಳಕು ಡಿಟೆಕ್ಟರ್‌ನ ಪಕ್ಕದ ಕೋಶಕ್ಕೆ ಸೋರದಂತೆ ನಡುವೆ ತಡೆಗೋಡೆ ಬೇಕು. ಕೋಶ ಚಿಕ್ಕದಾದಷ್ಟೂ ಆ ಗೋಡೆಗಳೇ ಜಾಗ ತಿನ್ನುತ್ತವೆ, ವಿಕಿರಣದ ಡೋಸ್ ವ್ಯರ್ಥ. ಹೊಸದರಲ್ಲಿ ಕ್ಯಾಡ್ಮಿಯಂ ಟೆಲ್ಯುರೈಡ್ ಹರಳು ಪ್ರತಿ ಫೋಟಾನನ್ನೂ ನೇರವಾಗಿ ಸಂಕೇತವಾಗಿಸುತ್ತದೆ. ಗೋಡೆ ಬೇಕಿಲ್ಲ, 0.2 ಮಿ.ಮೀ. ಸ್ಲೈಸ್ ಸಿಗುತ್ತದೆ. ಇಂಥ ಮೊದಲ ಯಂತ್ರ ನೇಯೋಟಾಮ್ ಆಲ್ಫಾಗೆ ಅಮೆರಿಕದ ಔಷಧ ಮತ್ತು ಉಪಕರಣ ನಿಯಂತ್ರಕ ಎಫ್‌ಡಿಎಯ ಅನುಮತಿ ಸಿಕ್ಕಿದ್ದು 2021ರ ಸೆಪ್ಟೆಂಬರ್‌ನಲ್ಲಿ.

ಆ ಯಂತ್ರ ಇದ್ದು, ಒಂದೇ ಪದರದ ತೆಳು ಎಳೆಯ ಕೋಬಾಲ್ಟ್-ಕ್ರೋಮಿಯಂ ಸ್ಟೆಂಟ್ ಆಗಿದ್ದು, ಹೃದಯ ಬಡಿತ 60ರ ಆಸುಪಾಸು ಇಳಿಯುವಂತಿದ್ದರೆ 2.75ಕ್ಕೂ ಮಾಡಿಸಿ. ಇಲ್ಲದಿದ್ದರೆ ಸ್ಟ್ರೆಸ್ ಪರ್ಫ್ಯೂಷನ್ ಪರೀಕ್ಷೆ (ಶ್ರಮದಲ್ಲಿ ಹೃದಯ ಸ್ನಾಯುವಿಗೆ ರಕ್ತ ಸಾಕಷ್ಟು ಹೋಗುತ್ತದೆಯೇ ಎಂದು ನೋಡುವುದು) ಹೆಚ್ಚು ಉಪಯೋಗ. ಸ್ಟೆಂಟ್ ಕಾರ್ಡ್ ತರಿಸದೆ ಮಾತ್ರ ನಿರ್ಧರಿಸಬೇಡಿ. ವ್ಯಾಸ, ಲೋಹ, ಸ್ಟೆಂಟ್ ಮೇಲೆ ಸ್ಟೆಂಟ್ ಇದೆಯೇ, ಕವಲಿನಲ್ಲಿ ಎರಡು ಹಾಕಿದ್ದಾರೆಯೇ, ಎಲ್ಲವೂ ಬೇಕು. ಕವಲಿನಲ್ಲಿ ಲೋಹ ಎರಡು ಮೂರು ಪದರ ಕೂತಿದ್ದರೆ ಹೊಸ ಯಂತ್ರಕ್ಕೂ ಕಷ್ಟ.

ಪ್ರಶ್ನೆ (ಸಿ.ಟಿ. ಟೆಕ್ನಾಲಜಿಸ್ಟ್): ನಮ್ಮಲ್ಲಿರುವುದು ಹಳೆಯ ಡಿಟೆಕ್ಟರ್‌ನ ಯಂತ್ರವೇ. 3.5 ಮಿ.ಮೀ. ಸ್ಟೆಂಟ್‌ನಲ್ಲೂ ಚಿತ್ರ ಕಲಸಿದ ಹಾಗೆ ಬರುತ್ತದೆ. ಏನು ಬದಲಿಸಲಿ?

ಉತ್ತರ: ಹೆಚ್ಚಿನ ಸಲ ತಪ್ಪುವುದು ಬಡಿತದಲ್ಲಿ ಮತ್ತು ರೀಕನ್‌ಸ್ಟ್ರಕ್ಷನ್‌ನಲ್ಲಿ (ಸ್ಕ್ಯಾನ್ ಮಾಹಿತಿಯಿಂದ ಚಿತ್ರ ಕಟ್ಟುವುದು). ಬಡಿತ 60ರ ಕೆಳಗೆ ತನ್ನಿ. ವೈದ್ಯರು ಒಪ್ಪಿದರೆ ಒಂದು ಗಂಟೆ ಮೊದಲು ಮೆಟೊಪ್ರೊಲಾಲ್ 50ರಿಂದ 100 ಮಿ.ಗ್ರಾಂ. ಆಸ್ತಮಾ ಅಥವಾ ಹಾರ್ಟ್ ಬ್ಲಾಕ್ ಇದ್ದವರಿಗೆ ಬೇಡ. ನಾಲಗೆಯಡಿ ನೈಟ್ರೊಗ್ಲಿಸರಿನ್ 0.4ರಿಂದ 0.8 ಮಿ.ಗ್ರಾಂ., ಸ್ಕ್ಯಾನ್‌ಗೆ ಸುಮಾರು 5 ನಿಮಿಷ ಮುಂಚೆ. ಲೈಂಗಿಕ ದೌರ್ಬಲ್ಯದ ಮಾತ್ರೆಗಳಾದ ಸಿಲ್ಡೆನಾಫಿಲ್ 24 ಗಂಟೆಯೊಳಗೆ, ಟಡಾಲಾಫಿಲ್ 48 ಗಂಟೆಯೊಳಗೆ ತೆಗೆದುಕೊಂಡಿದ್ದರೆ ಕೊಡಲೇಬಾರದು. ರೋಗಿ ಸಂಕೋಚದಿಂದ ಹೇಳದೆ ಇರಬಹುದು, ಅಕ್ಕಪಕ್ಕ ಯಾರೂ ಇಲ್ಲದಾಗ ನೇರವಾಗಿ ಕೇಳಿ.

ಕಾಂಟ್ರಾಸ್ಟ್ (ನಾಳ ಎದ್ದು ಕಾಣಲು ಕೊಡುವ ಅಯೋಡಿನ್ ದ್ರವ) ಸೆಕೆಂಡಿಗೆ 5ರಿಂದ 6 ಮಿ.ಲೀ. ವೇಗದಲ್ಲಿ 60ರಿಂದ 80 ಮಿ.ಲೀ., ಹಿಂದೆಯೇ 40ರಿಂದ 50 ಮಿ.ಲೀ. ಸಲೈನ್. ಡೋಸ್ ಉಳಿಸಲೆಂದು 80 ಕೆವಿಗೆ (ಎಕ್ಸ್-ರೇ ಟ್ಯೂಬ್‌ನ ವೋಲ್ಟೇಜ್) ಇಳಿದರೆ ಲೋಹದ ಸುತ್ತ ಬೀಮ್ ಹಾರ್ಡನಿಂಗ್ (ಲೋಹ ಕಡಿಮೆ ಶಕ್ತಿಯ ಎಕ್ಸ್-ರೇಯನ್ನು ಹೀರಿ ಮೂಡಿಸುವ ಕಪ್ಪು ಪಟ್ಟಿಯ ದೋಷ) ಹೆಚ್ಚಾಗುತ್ತದೆ. ಸ್ಟೆಂಟ್‌ಗೆ 100ರಿಂದ 120 ಕೆವಿ ಇರಲಿ.

ಇನ್ನು ಎಫ್‌ಒವಿ, ಅಂದರೆ ಚಿತ್ರದಲ್ಲಿ ಹಿಡಿಸುವ ಜಾಗದ ಅಗಲ. ಎದೆಯಗಲ 350 ಮಿ.ಮೀ. ಇಟ್ಟರೆ 512 ಮ್ಯಾಟ್ರಿಕ್ಸ್‌ನಲ್ಲಿ (ಅಗಲಕ್ಕೆ 512 ಪಿಕ್ಸೆಲ್) ಒಂದು ಪಿಕ್ಸೆಲ್ 0.68 ಮಿ.ಮೀ. ಹೃದಯಕ್ಕಷ್ಟೇ 180ಕ್ಕೆ ಇಳಿಸಿದರೆ 0.35. ಯಂತ್ರದ ಸಾಮರ್ಥ್ಯ ಇದರಿಂದ ಹೆಚ್ಚದು, ಆದರೆ ಇರುವುದು ಪೋಲಾಗದು. ಸ್ಲೈಸ್ ಯಂತ್ರ ಕೊಡುವಷ್ಟು ತೆಳುವಿರಲಿ, ಮುಂದಿನ ಸ್ಲೈಸ್ ಅರ್ಧದಷ್ಟು ಅದರ ಮೇಲೇ ಬರಲಿ. ಶಾರ್ಪ್ ಕರ್ನೆಲ್ (ಅಂಚು ಚುರುಕಾಗಿಸುವ ಫಿಲ್ಟರ್) ಜೊತೆ ಇಟರೇಟಿವ್ ರೀಕನ್‌ಸ್ಟ್ರಕ್ಷನ್ (ಮತ್ತೆ ಮತ್ತೆ ಲೆಕ್ಕ ಹಾಕಿ ಚಿತ್ರದ ಕಾಳುಕಾಳು ತಗ್ಗಿಸುವುದು) ಹಾಕಿ, ಮೃದು ಕರ್ನೆಲ್‌ನದ್ದನ್ನೂ ಉಳಿಸಿಕೊಳ್ಳಿ. ವಿಂಡೋ (ಪರದೆಯಲ್ಲಿ ತೋರಿಸುವ ಬೂದು ಛಾಯೆಗಳ ವ್ಯಾಪ್ತಿ) ಅಗಲ 1500, ಮಧ್ಯ 300ರ ಸುತ್ತ ಇಟ್ಟು ನೋಡಿ. ಮಾಮೂಲಿ ವಿಂಡೋದಲ್ಲಿ ಚೆನ್ನಾಗಿರುವ ಸ್ಟೆಂಟ್ ಕೂಡ ಬಿಳಿ ಮುದ್ದೆಯಂತೆ ಕಾಣುತ್ತದೆ.

ಪ್ರಶ್ನೆ (ರೇಡಿಯಾಲಜಿ ಪಿ.ಜಿ.): ಸ್ಟೆಂಟ್ ಒಳಗೆ ಸ್ಪಷ್ಟವಿಲ್ಲ, ಆದರೆ ಆಚೆ ಬದಿಯ ನಾಳ ಕಾಂಟ್ರಾಸ್ಟ್‌ನಿಂದ ತುಂಬಿದೆ. ಸ್ಟೆಂಟ್ ತೆರೆದಿದೆ ಎಂದು ರಿಪೋರ್ಟ್ ಬರೆಯಬಹುದಾ?

ಉತ್ತರ: ಖಂಡಿತ ಬರೆಯಬೇಡಿ. ಸ್ಟೆಂಟ್ ಪೂರ್ತಿ ಮುಚ್ಚಿದ್ದರೂ ಕೊಲ್ಯಾಟರಲ್‌ಗಳ (ಬದಲಿ ದಾರಿಯಾಗುವ ಸಣ್ಣ ನಾಳಗಳು) ಮೂಲಕ ಆಚೆಯ ನಾಳ ಹಿಂದಿನಿಂದ ತುಂಬಿಕೊಳ್ಳುತ್ತದೆ. ಸಿ.ಟಿ. ಒಂದು ಕ್ಷಣದ ಚಿತ್ರ, ರಕ್ತ ಯಾವ ಕಡೆಯಿಂದ ಬಂತೆಂದು ತೋರಿಸುವುದಿಲ್ಲ. ತೀರ್ಪು ಸ್ಟೆಂಟ್‌ನ ಒಳಗನ್ನು ನೋಡಿಯೇ ಆಗಬೇಕು.

ಒಳಗೆ ಕಪ್ಪು ಕಂಡರೂ ಅವಸರ ಬೇಡ. ನಿಜವಾದ ಇಂಟಿಮಾ (ನಾಳದ ಒಳಪದರ) ಬೆಳವಣಿಗೆ ಲೋಹಕ್ಕೂ ಕಾಂಟ್ರಾಸ್ಟ್‌ಗೂ ನಡುವೆ ಕಪ್ಪು ಅಂಚಾಗಿ ಕೂರುತ್ತದೆ. ಉದ್ದ, ಅಡ್ಡ ಎರಡೂ ಕಟ್‌ನಲ್ಲಿ, ಬಡಿತದ ಇನ್ನೊಂದು ಫೇಸ್‌ನಲ್ಲಿ (ಘಟ್ಟ), ಎರಡೂ ಕರ್ನೆಲ್‌ನಲ್ಲಿ ಅಲ್ಲೇ ಇರುತ್ತದೆ. ಬೀಮ್ ಹಾರ್ಡನಿಂಗ್‌ನ ಕಪ್ಪು ಪಟ್ಟಿ ದಪ್ಪ ಲೋಹದ ಪಕ್ಕ ಗೆರೆ ಎಳೆದಂತೆ ಸ್ಟೆಂಟ್‌ನ ಹೊರಕ್ಕೂ ಹರಿಯುತ್ತದೆ. ಶಾರ್ಪ್ ಕರ್ನೆಲ್ ತಾನೇ ಅಂಚಿನಲ್ಲಿ ತೆಳು ಕಪ್ಪು ಸೇರಿಸುತ್ತದೆ, ಮೃದು ಕರ್ನೆಲ್ ಉಳಿಸಿಕೊಳ್ಳಿ ಎಂದದ್ದು ಅದಕ್ಕೇ. ಸ್ಟೆಂಟ್‌ನ ಎರಡೂ ತುದಿಯಾಚೆ 5 ಮಿ.ಮೀ. ಮರೆಯದೆ ನೋಡಿ, ಮರುಕಿರಿದಾಗುವುದು ಅಲ್ಲೂ ಇದೆ. ಜಾಲರಿ ಮುರಿದಂತೆ ಕಂಡರೆ, ಅದೇ ಮಟ್ಟದಲ್ಲಿ ಹೃದಯದ ಹೊರಗೆರೆಯೂ ಮೆಟ್ಟಿಲಾಗಿದೆಯೇ ನೋಡಿ. ಆಗಿದ್ದರೆ ಅದು ಚಲನೆಯ ದೋಷ.

ಇಷ್ಟಾದರೂ ಕಾಣದಿದ್ದರೆ ಸಿಎಡಿ-ಆರ್‌ಎಡಿಎಸ್ 2.0 (ಹೃದಯ ನಾಳದ ಸಿ.ಟಿ. ರಿಪೋರ್ಟ್ ಬರೆಯುವ ಪ್ರಮಾಣಿತ ಸಂಕೇತ ಪದ್ಧತಿ) ಪ್ರಕಾರ ನಾನ್-ಡಯಾಗ್ನಾಸ್ಟಿಕ್‌ಗೆ ಎನ್, ಸ್ಟೆಂಟ್‌ಗೆ ಎಸ್ ಹಾಕಿ, ಯಾವ ಸ್ಟೆಂಟ್, ಯಾಕೆ ಕಾಣಲಿಲ್ಲ ಎಂದು ಒಂದು ಸಾಲು ಬರೆಯಿರಿ. ಓದುವ ಕಾರ್ಡಿಯಾಲಜಿಸ್ಟ್‌ಗೆ ಆ ಸಾಲೇ ಬೇಕಾದದ್ದು.

ಪ್ರಶ್ನೆ (ಅದೇ ಪಿ.ಜಿ.): ಹೈ ಕೆಇವಿ ಚಿತ್ರ (ಹೆಚ್ಚು ಶಕ್ತಿಯ ಎಕ್ಸ್-ರೇಯಲ್ಲಿ ತೆಗೆದಂತೆ ಲೆಕ್ಕ ಹಾಕಿ ಮಾಡಿದ್ದು) ನೋಡಿದರೆ ಬ್ಲೂಮಿಂಗ್ ಹೋಗುವುದಿಲ್ಲವಾ? ಸಿ.ಟಿ.-ಎಫ್‌ಎಫ್‌ಆರ್ (ನಾಳ ಕಿರಿದಾಗಿ ರಕ್ತದ ಹರಿವು ಎಷ್ಟು ತಗ್ಗಿದೆ ಎಂದು ಚಿತ್ರದಿಂದಲೇ ಲೆಕ್ಕ ಹಾಕುವುದು) ಹಾಕಬಹುದಾ?

ಉತ್ತರ: ಕೆಇವಿ ಏರಿಸಿದರೆ ಬ್ಲೂಮಿಂಗ್ ತಗ್ಗುತ್ತದೆ, ಜೊತೆಗೇ ಅಯೋಡಿನ್‌ನ ಹೊಳಪೂ ಇಳಿಯುತ್ತದೆ. ಗೋಡೆ ತೆಳುವಾಗಿ ಕಂಡರೂ ಒಳಗಿನ ರಕ್ತಕ್ಕೂ ಬೆಳೆದ ಅಂಗಾಂಶಕ್ಕೂ ವ್ಯತ್ಯಾಸ ತಿಳಿಯದು. ಪಕ್ಕದಲ್ಲಿಟ್ಟು ಹೋಲಿಸಿ, ಅದೊಂದನ್ನೇ ನಂಬಿ ಓದಬೇಡಿ. ಸ್ಟೆಂಟ್ ಇರುವ ನಾಳಕ್ಕೆ ಸಿ.ಟಿ.-ಎಫ್‌ಎಫ್‌ಆರ್ ಬೇಡ. ಅದರ ಲೆಕ್ಕಕ್ಕೆ ಒಳಗಿನ ಆಕಾರ ಸರಿಯಾಗಿ ಸಿಗಬೇಕು, ಬ್ಲೂಮಿಂಗ್ ಅದನ್ನೇ ಕೆಡಿಸಿರುತ್ತದೆ.