ಎರಡು ಲೋಕಗಳ ನಡುವೆ ಏನಿರಬೇಕು?

ಡೊಂಬಿವಲಿ ಕತೆಗಾರ್ತಿ:
ನನ್ನ ಕಾದಂಬರಿಯ ಏಳನೇ ಅಧ್ಯಾಯ ಮುಂದೆ ಹೋಗುತ್ತಿಲ್ಲ. ಕತೆಯಲ್ಲಿ ಐದು ಲೋಕಗಳಿವೆ, ಒಂದಕ್ಕೊಂದು ತಾಗುವುದಿಲ್ಲ. ನಡುವಿನ ಜಾಗಕ್ಕೆ ‘ನಡುಬಯಲು’ ಅಂತ ಹೆಸರಿಟ್ಟಿದ್ದೇನೆ. ಒಬ್ಬ ಅಂಬಿಗಿತ್ತಿ ದೋಣಿಯಲ್ಲಿ ಜನರನ್ನು ದಾಟಿಸುತ್ತಾಳೆ. ಅಲ್ಲಿ ನೀರಿಲ್ಲ, ಗಾಳಿಯಿಲ್ಲ, ಮೇಲು ಕೆಳಗು ಇಲ್ಲ. ಇಷ್ಟು ಬರೆದು ನಿಂತುಬಿಟ್ಟೆ. ಏನೂ ಇಲ್ಲದ ಕಡೆ ಏನು ನಡೆಯುತ್ತದೆ? ಈಗ ಅದು ಬರೀ ಕಪ್ಪು ಪರದೆ ಆಗಿದೆ. ದೋಣಿ ಹೊರಟಿತು, ದೋಣಿ ಮುಟ್ಟಿತು, ಅಷ್ಟೇ.

ವಸಾಯಿ ಹುಡುಗ:
ಖಾಲಿ ಬಿಡಬೇಡಿ ಅಕ್ಕಾ. ಓದುವವನು ಪುಟ ಹಾರಿಸುತ್ತಾನೆ. ಕಣ್ಣಿಲ್ಲದ ಒಂದು ದೊಡ್ಡ ಪ್ರಾಣಿ ಇರಲಿ. ನಮ್ಮ ಪುರಾಣದವರು ಎಲ್ಲಿ ಖಾಲಿ ಬಿಟ್ಟಿದ್ದಾರೆ ಹೇಳಿ? ಏಳು ದ್ವೀಪ, ಸುತ್ತ ಏಳು ಸಮುದ್ರ. ಉಪ್ಪುನೀರು, ಕಬ್ಬಿನ ಹಾಲು, ಹೆಂಡ, ತುಪ್ಪ, ಮೊಸರು, ಹಾಲು, ಸಿಹಿನೀರು. ಚಿಕ್ಕವನಿದ್ದಾಗ ಮೊಸರಿನ ಸಮುದ್ರದಲ್ಲಿ ಹುಟ್ಟು ಹಾಕುವುದು ಹೇಗೆ ಅಂತ ಅಜ್ಜಿಯ ಜೀವ ತಿನ್ನುತ್ತಿದ್ದೆ. ಅಂಥದ್ದು ಮನಸ್ಸಲ್ಲಿ ಉಳಿಯುತ್ತದೆ, ಕತ್ತಲೆ ಉಳಿಯುವುದಿಲ್ಲ.

ಮಾಟುಂಗಾ ಓದುಗ:
ಪ್ರಾಣಿ ಬಿಟ್ಟರೆ ಅದು ಇನ್ನೊಂದು ಕಾಡಾಗುತ್ತದೆ. ಕಾಡಿನ ಕತೆ ಬೇಕಾದಷ್ಟಿದೆ. ನೀವಿಟ್ಟ ಹೆಸರನ್ನೇ ಸ್ವಲ್ಪ ನೋಡಿ. ಶೂನ್ಯ ಅನ್ನಲಿಲ್ಲ, ಬಯಲು ಅಂದಿರಿ. 12ನೇ ಶತಮಾನದ ಅಲ್ಲಮಪ್ರಭು ಬಯಲು ಅಂದಾಗ ಅದು ಕೊರತೆಯ ಮಾತಾಗಿರಲಿಲ್ಲ. ನಮ್ಮ ದಿನದ ಮಾತಿನಲ್ಲೂ ಗುಟ್ಟು ‘ಬಯಲಾಗುತ್ತದೆ’. ಬಯಲು ಅಂದರೆ ಅಡಗಲು ಮರೆ ಇಲ್ಲದ ಜಾಗ. ನಡುಬಯಲಲ್ಲಿ ಯಾರೂ ಏನನ್ನೂ ಮುಚ್ಚಿಡಲಾರರು ಅಂತಾದರೆ? ಗಂಡ ಹೆಂಡತಿ ಒಂದೇ ದೋಣಿ ಹತ್ತಲು ಹೆದರಿದರೆ?

ಪುಣೆ ಮೆಕ್ಯಾನಿಕಲ್:
ಹೆಸರಿನ ಮಾತು ಚೆನ್ನಾಗಿದೆ. ಆದರೆ ದೋಣಿ ಹೇಗೆ ಚಲಿಸುತ್ತದೆ ಅನ್ನೋದು ಮೊದಲು ಬಗೆಹರಿಯಲಿ. ಖಾಲಿ ಜಾಗದಲ್ಲಿ ಚಲಿಸುವುದು ಕಷ್ಟ ಅಲ್ಲ, ನಿಲ್ಲುವುದು ಕಷ್ಟ. ವಾಯೇಜರ್ 1 ಅನ್ನುವ ಬಾಹ್ಯಾಕಾಶ ನೌಕೆ ಹೊರಟದ್ದು 1977ರಲ್ಲಿ. 2012ರಲ್ಲಿ ಸೂರ್ಯನಿಂದ ಬೀಸುವ ಗಾಳಿಯ ಗಡಿ ದಾಟಿತು. ತಳ್ಳುವವರು ಯಾರೂ ಇಲ್ಲ, ಆದರೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಹೋಗುತ್ತಲೇ ಇದೆ. ನಿಮ್ಮ ಅಂಬಿಗಿತ್ತಿ ದಡದಲ್ಲಿ ಒಮ್ಮೆ ಒದ್ದರೆ ಸಾಕು. ಗುರಿ ಕೂದಲೆಳೆ ತಪ್ಪಿದರೂ ಆ ದೋಣಿ ಎಂದೂ ನಿಲ್ಲುವುದಿಲ್ಲ. ನನಗೆ ಭಯ ಹುಟ್ಟುವುದು ಅಲ್ಲಿ.

ಪಣಜಿಯಿಂದ, ಮೂಲ ಬೆಳಗಾವಿ:
ನಾನು ಇದನ್ನು ಪೂರ್ತಿ ಉಲ್ಟಾ ಕೇಳಿ ಬೆಳೆದವಳು. ನಮ್ಮದು ಜೈನರ ಮನೆ. ಲೋಕದ ಆಚೆ ಇರುವುದು ಅಲೋಕಾಕಾಶ. ಅದಕ್ಕೆ ಕೊನೆಯಿಲ್ಲ, ಅಲ್ಲಿ ಆಕಾಶ ಬಿಟ್ಟು ಬೇರೇನೂ ಇಲ್ಲ. ‘ಧರ್ಮ’ ಅನ್ನುವ ದ್ರವ್ಯವೂ ಇಲ್ಲ. ಇಲ್ಲಿ ಧರ್ಮ ಅಂದರೆ ಪುಣ್ಯ ಅಲ್ಲ, ಚಲನೆಗೆ ನೆರವಾಗುವ ಒಂದು ದ್ರವ್ಯ. ಮೀನಿಗೆ ನೀರು ಹೇಗೋ ಹಾಗೆ. ನೀರು ಮೀನನ್ನು ತಳ್ಳುವುದಿಲ್ಲ, ಆದರೆ ನೀರಿಲ್ಲದೆ ಮೀನು ಈಜಲಾರದು. ಮುಕ್ತಿ ಪಡೆದ ಜೀವವೂ ಲೋಕದ ತುದಿಗೆ ಏರಿ ಅಲ್ಲೇ ನಿಲ್ಲುತ್ತದೆ, ಆಚೆ ಹೋಗಲು ಆ ದ್ರವ್ಯ ಇಲ್ಲ ಅಂತ. ನಿಲ್ಲಲಾಗದ ಬಯಲಿಗಿಂತ ಕದಲಲಾಗದ ಬಯಲು ನನಗೆ ಜಾಸ್ತಿ ದೊಡ್ಡದಾಗಿ ಕಾಣುತ್ತದೆ.

ಪುಣೆ ಮೆಕ್ಯಾನಿಕಲ್:
ಹಾಗಾದರೆ ದಾಟುವುದೇ ಆಗುವುದಿಲ್ಲ. ಕತೆ ಅಲ್ಲೇ ಮುಗಿಯಿತಲ್ವಾ?

ಪಣಜಿಯಿಂದ, ಮೂಲ ಬೆಳಗಾವಿ:
ಯಾಕೆ ಮುಗಿಯಬೇಕು? ಮೀನು ತನ್ನ ನೀರನ್ನು ತಾನೇ ಹೊತ್ತುಕೊಂಡು ಹೋಗಲಿ.

ಠಾಣೆ ಅಪ್ಪ:
ನನ್ನದೊಂದು ಅನುಭವ. ಹೋದ ವರ್ಷ ಮಗಳ ಜೊತೆ ಹಗಲಿನ ರೈಲಿನಲ್ಲಿ ಮಡಗಾಂವ್‌ಗೆ ಹೊರಟಿದ್ದೆ. ರತ್ನಗಿರಿಗೆ ಮೊದಲು ಕರ್ಬುಡೆ ಸುರಂಗ ಬರುತ್ತದೆ, ಆರೂವರೆ ಕಿಲೋಮೀಟರ್. ಹಸಿರು ಗುಡ್ಡ ತೋರಿಸುತ್ತಿದ್ದ ಕಿಟಕಿ ತಟ್ಟನೆ ಕನ್ನಡಿಯಾಯಿತು. ಸದ್ದಿಗೆ ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಗಾಜಿನಲ್ಲಿ ತನ್ನ ಮುಖವನ್ನೇ ನೋಡುತ್ತಾ ಕೇಳಿದಳು, “ಅಪ್ಪಾ, ನಾವು ಹೋಗ್ತಿದ್ದೀವಾ, ನಿಂತಿದ್ದೀವಾ?” ನೀವಿಬ್ಬರೂ ವಾದ ಮಾಡುತ್ತಿರುವುದನ್ನು ದೋಣಿಯಲ್ಲಿ ಕೂತವರು ಹೇಗೆ ತಿಳಿಯಬೇಕು? ಹೊರಗೆ ಒಂದು ಗುರುತೂ ಇಲ್ಲದಿದ್ದರೆ ಎರಡೂ ಒಂದೇ.

ಡೊಂಬಿವಲಿ ಕತೆಗಾರ್ತಿ:
ನಿಮ್ಮ ಮಗಳ ಪ್ರಶ್ನೆ ಬೆಳಿಗ್ಗೆಯಿಂದ ತಲೆಯಲ್ಲೇ ಇದೆ. ಪಣಜಿಯವರ ಮೀನೂ. ಹೀಗೆ ಮಾಡಿದರೆ? ದಾಟುವವರು ತಮ್ಮ ಲೋಕದ ನೀರನ್ನು ಒಂದು ಕೊಡದಲ್ಲಿ ತರಬೇಕು. ಅಂಬಿಗಿತ್ತಿ ಅದನ್ನು ಬೊಗಸೆ ಬೊಗಸೆಯಾಗಿ ದೋಣಿಯ ಮುಂದೆ ಚೆಲ್ಲುತ್ತಾಳೆ. ಚೆಲ್ಲಿದಷ್ಟು ದೂರ ದೋಣಿ ಹೋಗುತ್ತದೆ. ಕೊಡ ಬರಿದಾದರೆ ಅಲ್ಲೇ. ಸಾಯುವುದಿಲ್ಲ, ಸುಮ್ನೆ ಇದ್ದಲ್ಲೇ ಇರುತ್ತಾರೆ.

ವಸಾಯಿ ಹುಡುಗ:
ಅಂದರೆ ನೂರಾರು ವರ್ಷಗಳಿಂದ ನಿಂತವರೆಲ್ಲ ದಾರಿಯಲ್ಲೇ ಇದ್ದಾರಾ? ಅವರ ಪಕ್ಕದಲ್ಲೇ ಹಾಯ್ದು ಹೋಗಬೇಕಾ? ಪ್ರಾಣಿಯ ಮಾತು ವಾಪಸ್ ತಗೊಂಡೆ.

ಪುಣೆ ಮೆಕ್ಯಾನಿಕಲ್:
ಚೆಲ್ಲಿದ ನೀರು ಎಲ್ಲಿಗೆ ಹೋಯಿತು? ದಯವಿಟ್ಟು ಅದನ್ನು ಮಾಯ ಮಾಡಬೇಡಿ. ನಾರಾಯಣಗಾಂವ್ ಹತ್ತಿರ ಖೋಡದ್‌ನಲ್ಲಿ ರೇಡಿಯೋ ದೂರದರ್ಶಕ ಇದೆ. 45 ಮೀಟರ್ ಅಗಲದ 30 ತಟ್ಟೆಗಳು. ಹತ್ತಿರ ನಿಂತು ನೋಡಿದ್ದೇನೆ. ಗಟ್ಟಿ ತಟ್ಟೆಯೇ ಅಲ್ಲ, ತೆಳು ತಂತಿಯ ಜಾಲರಿ, ಅದರ ಮೂಲಕ ಆಕಾಶ ಕಾಣುತ್ತದೆ. ಗ್ಯಾಲಕ್ಸಿಗಳ ಹೈಡ್ರೋಜನ್ ಅನಿಲದಿಂದ ಬರುವ ಸಣ್ಣ ರೇಡಿಯೋ ಅಲೆಯನ್ನೂ ಅವು ಹಿಡಿಯುತ್ತವೆ. ಗ್ಯಾಲಕ್ಸಿಗಳ ನಡುವಿನ ಬಯಲಲ್ಲೂ ಒಂದು ಘನ ಮೀಟರಿಗೆ ಸುಮಾರು ಒಂದು ಪರಮಾಣು ಇರುತ್ತದೆ. ಪೂರ್ತಿ ಖಾಲಿ ಅನ್ನುವುದು ಅಲ್ಲೂ ಇಲ್ಲ. ನಿಮ್ಮ ಬಯಲಲ್ಲೂ ಹಳೆಯ ಕೊಡಗಳ ನೀರು ಉಳಿದಿರಬೇಕು, ತೀರಾ ತೆಳುವಾಗಿ.

ಮಾಟುಂಗಾ ಓದುಗ:
ಹಾಗಾದರೆ ನಿಂತವರು ಕಾಯುತ್ತಿರುವುದು ಅದಕ್ಕೇ. ಬೇರೆಯವರು ಚೆಲ್ಲಿದ ಹನಿ ಬಂದು ತಾಗಿದರೆ ಒಂದು ಗೇಣು ಮುಂದೆ ಹೋಗಬಹುದು.

ಪಣಜಿಯಿಂದ, ಮೂಲ ಬೆಳಗಾವಿ:
ಇದನ್ನು ಓದಿ ಮೈ ಜುಮ್ ಅಂದಿತು. ಆದರೆ ಬೇರೆ ಲೋಕದ ನೀರು ಇವರನ್ನು ಇವರ ಊರಿನ ಕಡೆಗೇ ಒಯ್ಯುತ್ತದಾ?

ಡೊಂಬಿವಲಿ ಕತೆಗಾರ್ತಿ:
ಇಲ್ಲ. ಯಾರ ನೀರೋ ಅವರ ದಿಕ್ಕಿಗೆ ಹೋಗುತ್ತದೆ. ಅದು ಈಗಷ್ಟೇ ಹೊಳೆಯಿತು. ಅಂಬಿಗಿತ್ತಿಯ ಅಮ್ಮ ನಡುಬಯಲಲ್ಲಿ ನಿಂತಿದ್ದಾಳೆ. ಪ್ರತಿ ಸಲವೂ ಇವಳು ಬೇರೆಯವರ ಕೊಡದಿಂದ ಒಂದು ಬೊಗಸೆ ಕದ್ದು ಅಮ್ಮನ ಕಡೆ ಎರಚುತ್ತಾಳೆ. ಅಮ್ಮ ಪ್ರತಿ ಸಲ ಬೇರೆ ಬೇರೆ ಕಡೆಗೆ ಸರಿಯುತ್ತಾಳೆ.

ಠಾಣೆ ಅಪ್ಪ:
ಆ ಅಂಬಿಗಿತ್ತಿ ಮಗಳ ಸ್ವಂತ ಊರಿನ ಕೊಡ ಎಲ್ಲಿದೆ?