ಸಾವಯವ ಗುಂಪಿಗೆ ಸೇರಿದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ಪೆರ್ಲದ ಹೊಸಬ:
ನಮಸ್ಕಾರ. ಕಾಸರಗೋಡಿನ ಪೆರ್ಲದ ಹತ್ತಿರ ಎರಡು ಎಕ್ರೆ, ಅಪ್ಪ ಮಾಡಿದ ತೋಟ. ಐನೂರು ಅಡಿಕೆ, ಅದಕ್ಕೆ ಹಬ್ಬಿದ ಕಾಳುಮೆಣಸು, ಮೇಲೆ ಗುಡ್ಡೆಯಲ್ಲಿ ಮೂವತ್ತು ಗೇರು. ನಮ್ಮ ವಾರ್ಡಿನಲ್ಲಿ ಐವತ್ತು ಎಕ್ರೆ ಒಟ್ಟು ಮಾಡಿ ಸರಕಾರದ ಸಾವಯವ ಗುಂಪು ಮಾಡುವ ಮಾತು ಬಂದಿದೆ. ಮೂರು ವರ್ಷ ರಾಸಾಯನಿಕ ಮುಟ್ಟುವಂತಿಲ್ಲವಂತೆ. ಭಾನುವಾರ ಗ್ರಾಮಸಭೆ. ಸೇರುವುದಾದರೆ ಮಳೆಗಾಲದಲ್ಲಿ ಎಳೆ ಅಡಿಕೆ ಉದುರಿಸುವ ಕೊಳೆರೋಗಕ್ಕೆ ಎಂತ ಮಾಡುವುದು? ಸಭೆಯಲ್ಲಿ ಏನೇನು ಬರೆಸಿಕೊಳ್ಳಬೇಕು?

ಬಾಯಾರು ಭಾವ:
ಸೇರಿದ್ದೆ. ಬಿಟ್ಟೆ. ಲೆಕ್ಕ ಇಲ್ಲಿದೆ, ನೋಡಿ. 2015ರಲ್ಲಿ ಶುರುವಾದ ಕೇಂದ್ರದ ಯೋಜನೆ ಇದು. ನಾನು ಸೇರುವಾಗ ಹೆಕ್ಟೇರಿಗೆ ಮೂರು ವರ್ಷಕ್ಕೆ 50,000 ಅಂತ ಹೇಳಿದ್ದು. ರೈತನ ಪಾಲಿಗೆ ಅದರಲ್ಲಿ 31,000. ಉಳಿದದ್ದು ತರಬೇತಿಗೆ, ಪ್ರಮಾಣಪತ್ರಕ್ಕೆ, ಬ್ಯಾನರಿಗೆ. ನನ್ನದು ಒಂದು ಎಕ್ರೆ ಎಂಬತ್ತು ಸೆಂಟ್ಸು. ಮೂರು ವರ್ಷಕ್ಕೆ ಸೇರಿ ಹತ್ತಿರ ಹತ್ತಿರ 22,600 ರೂಪಾಯಿ, ಅದೂ ಕಂತಿನಲ್ಲಿ. ಹಟ್ಟಿಗೊಬ್ಬರ ಒಂದು ಲೋಡಿಗೆ 9,000, ಒಂದು ಮಳೆಗಾಲಕ್ಕೆ ಮೂರು ಲೋಡು ಬೇಕು. ಮೊದಲನೇ ವರ್ಷಕ್ಕೇ ಎಲ್ಲ ಮುಗಿಯಿತು. ಹದಿನಾಲ್ಕು ಕ್ವಿಂಟಾಲು ಚಾಲಿ (ಒಣಗಿಸಿದ ಅಡಿಕೆ) ಆಗುತ್ತಿದ್ದ ತೋಟದಲ್ಲಿ ಮರುವರ್ಷ ಹನ್ನೊಂದು, ಅದರ ಮರುವರ್ಷ ಒಂಬತ್ತು. ಆಗಿನ ಕಿಲೋಗೆ 260ರ ದರ ಹಾಕಿದರೂ ಆ ಒಂದು ವರ್ಷದ ನಷ್ಟವೇ 1,30,000. ಸಾಲದ್ದಕ್ಕೆ ಕೊಳೆರೋಗಕ್ಕೆ ಮದ್ದು ಹೊಡೆದ ವಾರಕ್ಕೇ ಎಳೆಕಾಯಿ ಸುಟ್ಟ ಹಾಗೆ ಕಪ್ಪಾಗಿ ಉದುರಿತು. ಎಲ್ಲ ಈ ಸಾವಯವದ ದೆಸೆ. ಕೊನೆಗೆ ಪ್ರಮಾಣಪತ್ರ ಹಿಡಿದುಕೊಂಡು ಅಂಗಡಿಗೆ ಹೋದರೆ ವ್ಯಾಪಾರಿ ನಕ್ಕ. ಜಗಿದು ಉಗುಳುವ ವಸ್ತುವಿಗೆ ಎಂತ ಸಾವಯವ ಮಾರಾಯ್ರೆ ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ.

ಗೇರುಗುಡ್ಡೆ ಅಕ್ಕ:
ಭಾವನವರೇ, ನಿಮಗೆ ಲಕ್ಷದ ಲೆಕ್ಕ. ನಮ್ಮದು ಬೇರೆ ಲೆಕ್ಕ. ನಾನು ಶಾಲೆಗೆ ಹೋಗುವಾಗ ಗುಡ್ಡೆಯ ಗೇರಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಡುತ್ತಿದ್ದರು. ಬಾವಿಗೆ ತೆಂಗಿನ ಮಡಲು ಮುಚ್ಚಿ ಅಂತ ಹೇಳಿ ಹೋಗುತ್ತಿದ್ದರು. ಮಡಲಿನ ಎಡೆಯಲ್ಲಿ ಗಾಳಿ ಹೋಗುವುದಿಲ್ಲವೋ? ಅಜ್ಜನ ಏಳು ಜೇನುಪೆಟ್ಟಿಗೆ ಒಂದೇ ವಾರದಲ್ಲಿ ಖಾಲಿ. ಪೆಟ್ಟಿಗೆಯ ಬಾಯಿಯ ಹತ್ತಿರ ಸತ್ತ ನೊಣ ರಾಗಿ ಚೆಲ್ಲಿದ ಹಾಗೆ ಬಿದ್ದಿತ್ತು. ಪಕ್ಕದ ಮನೆಯ ಮಗು ಇವತ್ತಿಗೂ ಚಾಪೆಯಲ್ಲೇ. ಮಗು ಅಂದೆ, ಈಗ ಮೂವತ್ತೆಂಟು. ಕರುಗಳು ಕಾಲು ತಿರುಚಿ ಹುಟ್ಟುವುದನ್ನು ಪತ್ರಕರ್ತ ಶ್ರೀ ಪಡ್ರೆಯವರು ಬರೆದರು, ಡಾ. ಮೋಹನ್ ಕುಮಾರ್ ರೋಗಿಗಳ ಪಟ್ಟಿ ಇಟ್ಟರು, ಆದರೂ ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ಮೂರು ತಿಂಗಳಲ್ಲಿ ಕೊಡಿ ಅಂತ ಆದೇಶ ಆದದ್ದು 2017ರಲ್ಲಿ. ಅದಕ್ಕೂ ಜನ ಮತ್ತೆ ಧರಣಿ ಕೂರಬೇಕಾಯಿತು.

ಹೊಸಬರೇ, ನಿಮ್ಮ ಮೂವತ್ತು ಗೇರಿಗೆ ಮದ್ದೇ ಬೇಡ. ಚಿಗುರಿನ ರಸ ಹೀರುವ ಟೀ ಸೊಳ್ಳೆ ಕೀಟಕ್ಕೆ ಚಗಳಿ (ಮರದಲ್ಲಿ ಎಲೆಯ ಗೂಡು ಕಟ್ಟುವ ಕೆಂಪಿರುವೆ) ಸಾಕು. ಗೂಡನ್ನು ಬೆಳಗ್ಗೆ ಚಳಿ ಇರುವಾಗಲೇ ಗೆಲ್ಲು ಸಮೇತ ಕತ್ತರಿಸಿ ಗೋಣಿಗೆ ಹಾಕಬೇಕು, ಮರದಿಂದ ಮರಕ್ಕೆ ಹಗ್ಗ ಕಟ್ಟಬೇಕು. ಎರಡು ಊರಿನ ಗೂಡು ಒಂದೇ ಮರಕ್ಕೆ ಬಿಡಬೇಡಿ, ಕಚ್ಚಿ ಸಾಯುತ್ತವೆ. ಬೀಜ ಹೆಕ್ಕುವವರು ಬೈಯುತ್ತಾರೆ, ಅದೊಂದು ಕಷ್ಟ. ನನಗೆ ಕೂಲಿ ತಲೆಗೆ ಐವತ್ತು ಜಾಸ್ತಿ.

ಗಲ್ಫ್ ಬಿಟ್ಟು ಬಂದವ:
ಶ್ರೀಲಂಕಾದ ಕಥೆ ಗೊತ್ತುಂಟಾ? 2021ರಲ್ಲಿ ಒಂದೇ ಏಟಿಗೆ ರಾಸಾಯನಿಕ ಗೊಬ್ಬರದ ಆಮದು ಬಂದ್ ಮಾಡಿದರು. ಅದೇ ನವೆಂಬರಿಗೆ ಆದೇಶ ವಾಪಸ್. ಭತ್ತದ ಇಳುವರಿ ಬಿದ್ದುಹೋಯಿತು. ಕಾಸರಗೋಡನ್ನು 2012ರಲ್ಲಿ ಸಾವಯವ ಜಿಲ್ಲೆ ಅಂತ ಘೋಷಿಸಿದರಲ್ಲ, ಪೇಟೆಯ ಕೀಟನಾಶಕದ ಅಂಗಡಿ ಒಂದಾದರೂ ಮುಚ್ಚಿತಾ? ನಾನು ಗಡಿ ದಾಟಿ ಕರ್ನಾಟಕಕ್ಕೆ ಹೋಗಿ ಬೇಕಾದ್ದು ತರುತ್ತೇನೆ. ತಡೆಯುವವರು ಯಾರು?

ಗೇರುಗುಡ್ಡೆ ಅಕ್ಕ:
ತಂದದ್ದನ್ನು ಹೆಮ್ಮೆಯಿಂದ ಬೇರೆ ಹೇಳುತ್ತೀರಲ್ಲ! ನಿಮ್ಮ ತೋಡಿನ ನೀರು ಎಲ್ಲಿಗೆ ಇಳಿಯುತ್ತದೆ?

ಗಲ್ಫ್ ಬಿಟ್ಟು ಬಂದವ:
ಅಕ್ಕ, ಎಂಡೋಸಲ್ಫಾನೂ ನಾನು ಬಿಡುವ ಮದ್ದೂ ಒಂದೇ ಅಲ್ಲ. ಎಲ್ಲದಕ್ಕೂ ಅದನ್ನೇ ಎಳೆದು ತರಬೇಡಿ.

ನೀರ್ಚಾಲಿನ ನಿವೃತ್ತ ಮಾಷ್ಟ್ರು:
ಜಗಳ ಆಮೇಲೆ ಮಾಡಿ. ಕೇಳಿದ್ದು ಕೊಳೆರೋಗ. ಮೈಲುತುತ್ತು (ತಾಮ್ರದ ಸಲ್ಫೇಟು), ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣಕ್ಕೆ ಸಾವಯವದಲ್ಲಿಯೂ ಮಿತಿಯೊಳಗೆ ಅವಕಾಶ ಉಂಟು. ಗುಂಪಿನ ನಿಯಮದಲ್ಲಿ ಅದನ್ನು ಬಾಯಿಮಾತಿಗೆ ಬಿಡದೆ ಬರೆಸಿಕೊಳ್ಳಿ. ನನ್ನ ಗುಂಪಿನಲ್ಲಿ ಬರೆಸಿರಲಿಲ್ಲ, ಪರೀಕ್ಷೆಗೆ ಬಂದ ನೆರೆಯವನೇ ನನ್ನ ಮರದ ನೀಲಿ ಕಲೆ ತೋರಿಸಿ ಆಕ್ಷೇಪ ಬರೆದ. ಪರಸ್ಪರ ನೋಡಿಕೊಂಡು ಸಹಿ ಹಾಕುವ ಪ್ರಮಾಣಪತ್ರ ಅದು, ಗಡಿಕಲ್ಲಿನ ತಕರಾರು ಇದ್ದವನು ಬಿಡುತ್ತಾನಾ? ಒಂದೂವರೆ ವರ್ಷ ನನ್ನ ಕಡತ ಅಲ್ಲೇ ಕೂತಿತು. ಈಗ ನಾನೂ ಅವನೂ ಮಾತಾಡುವುದಿಲ್ಲ. ಇನ್ನು, ಆ ಪತ್ರ ವಿದೇಶಕ್ಕೆ ನಡೆಯುವುದಿಲ್ಲ, ರಫ್ತಿಗೆ ಬೇರೆಯದೇ ಬೇಕು. ಕಾಳುಮೆಣಸು ಹೊರಗೆ ಕಳಿಸುವ ಕನಸಿದ್ದರೆ ಮೊದಲೇ ತಿಳಿದಿರಿ.

ಕುಂಬಳೆ ಕನ್ನಡಿಗ:
ಬರೆಸಿಕೊಳ್ಳಿ ಅಂತೀರಲ್ಲ ಮಾಷ್ಟ್ರೇ, ಯಾವ ಭಾಷೆಯಲ್ಲಿ? ನನಗೆ ಕೊಟ್ಟ ಅರ್ಜಿ ಹನ್ನೊಂದು ಪುಟ, ಪೂರ್ತಿ ಮಲಯಾಳ. ಕನ್ನಡದ್ದು ಕೊಡಿ ಎಂದದ್ದಕ್ಕೆ ಮುಗಿದಿದೆ ಅಂದರು. ನಾಲ್ಕು ಸಲ ಹೋದೆ, ಬಸ್ಸು ಚಾರ್ಜು ಬೇರೆ. ನೆರೆಮನೆಯ ಕಾಲೇಜು ಹುಡುಗನ ಹತ್ತಿರ ತುಂಬಿಸಿದರೆ ಅವನು ಬೆಳೆಯ ಕಾಲಮ್ಮಿನಲ್ಲಿ ಸರ್ವೆ ನಂಬ್ರ ಹಾಕಿದ. ವಾಪಸ್ ಬಂತು. ಗ್ರಾಮಸಭೆಯಲ್ಲಿ ಮೊದಲು ಇದನ್ನು ಕೇಳಿ. ಭಾಷಾ ಅಲ್ಪಸಂಖ್ಯಾತರ ಹಕ್ಕು, ಭಿಕ್ಷೆಯಲ್ಲ.

ಗಲ್ಫ್ ಬಿಟ್ಟು ಬಂದವ:
ಇಷ್ಟು ವರ್ಷ ಇಲ್ಲಿದ್ದು ಮಲಯಾಳ ಓದಲು ಬರುವುದಿಲ್ಲವಾ?

ಕುಂಬಳೆ ಕನ್ನಡಿಗ:
ಬರುತ್ತದೆ. ನನ್ನ ಅಮ್ಮನಿಗೆ ಬರುವುದಿಲ್ಲ, ಜಾಗ ಅವರ ಹೆಸರಿನಲ್ಲಿ. ಸಹಿ ಹಾಕಬೇಕಾದವರಿಗೆ ಓದಲು ಬಾರದ ಕಾಗದ ಎಂತಕ್ಕೆ?

ಗೇರುಗುಡ್ಡೆ ಅಕ್ಕ:
ಇಲಾಖೆಯವರೆಲ್ಲ ಹಾಗೇ ಅಂತ ಒಂದೇ ಸಮ ಬೈಯಬೇಡಿ. ಮದ್ದು ಬಿಡುವುದನ್ನು ನಿಲ್ಲಿಸಿ ಅಂತ ಮೊದಲು ಕೋರ್ಟಿಗೆ ಹೋದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯಲ್ಲೇ ಕೆಲಸಕ್ಕಿದ್ದವರು. ಕನ್ನಡದ ಅರ್ಜಿಯ ಮಾತು ಒಪ್ಪಿದೆ.

ಬಾಯಾರು ಭಾವ:
ಎಲ್ಲ ಸರಿ, ನನ್ನ 1,30,000 ಯಾರು ಕೊಡುತ್ತಾರೆ? ಗೊಬ್ಬರಕ್ಕೆ ಸಹಾಯಧನ ಉಂಟು, ತರಬೇತಿಗೆ ಚಾ ತಿಂಡಿ ಉಂಟು. ಇಳುವರಿ ಇಳಿದ ಆ ಎರಡು ವರ್ಷಕ್ಕೆ ಒಂದು ಕಾಲಮ್ಮಾದರೂ ಉಂಟಾ? ಹೊಸಬರೇ, ಅದನ್ನು ಎದ್ದು ನಿಂತು ಕೇಳಿ. ಕೊಳೆರೋಗದ ಮದ್ದಿನ ಮೇಲೂ ನನಗೆ ನಂಬಿಕೆ ಹೋಗಿದೆ. ಮರ ಹತ್ತುವವನಿಗೆ ದಿನಕ್ಕೆ 1,800 ಕೊಟ್ಟು ಕಾಯಿ ಉದುರಿಸಿದ ಹಾಗಾಯಿತು.

ನೀರ್ಚಾಲಿನ ನಿವೃತ್ತ ಮಾಷ್ಟ್ರು:
ಭಾವಾ, ಎಳೆಕಾಯಿ ಸುಟ್ಟ ಹಾಗೆ ಆಯಿತು ಅಂದಿರಿ. ಅದು ಕೊಳೆ ಅಲ್ಲ, ಸಾವಯವವೂ ಅಲ್ಲ. ಸುಣ್ಣ ಸಾಲದಿದ್ದರೆ ಹಾಗಾಗುತ್ತದೆ. ಮೈಲುತುತ್ತು ಒಂದು ಕಿಲೋ ಐವತ್ತು ಲೀಟರಿಗೆ, ಸುಣ್ಣ ಒಂದು ಕಿಲೋ ಇನ್ನೊಂದು ಐವತ್ತಕ್ಕೆ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕೈ ಬಿಡದೆ ತಿರುಗಿಸುತ್ತಾ. ಸುಣ್ಣ ಹಳೆಯದಾಗಿದ್ದರೆ ಒಂದು ಕಿಲೋ ಸಾಲುವುದಿಲ್ಲ. ಕತ್ತಿ ಅದ್ದಿ ನೋಡಿದ್ದಿರಾ? ಒಂದು ನಿಮಿಷದಲ್ಲಿ ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಇನ್ನೂ ಸುಣ್ಣ ಬೇಕು.

ಬಾಯಾರು ಭಾವ:
ನನಗೆ ಬೋರ್ಡೋ ಕಲಿಸಬೇಡಿ ಮಾಷ್ಟ್ರೇ. ಅಜ್ಜನ ಕಾಲದಿಂದ ಮಾಡಿದ ಕೆಲಸ. ಪ್ರತಿ ಡ್ರಮ್ಮಿಗೂ ಕತ್ತಿ ಅದ್ದುತ್ತೇನೆ, ಒಮ್ಮೆಯೂ ಬಣ್ಣ ತಿರುಗಿಲ್ಲ.

ನೀರ್ಚಾಲಿನ ನಿವೃತ್ತ ಮಾಷ್ಟ್ರು:
ಯಾವ ಕತ್ತಿ?

ಬಾಯಾರು ಭಾವ:
ಅಡಿಗೆಮನೆಯದ್ದು. ಸ್ಟೀಲಿನದ್ದು.

ನೀರ್ಚಾಲಿನ ನಿವೃತ್ತ ಮಾಷ್ಟ್ರು:
ತುಕ್ಕು ಹಿಡಿಯದ ಸ್ಟೀಲು ತಾಮ್ರವನ್ನೂ ಹಿಡಿಯುವುದಿಲ್ಲ. ಕಬ್ಬಿಣದ್ದು ಬೇಕು, ಉಜ್ಜಿ ಹೊಳಪು ಮಾಡಿದ್ದು. ಸ್ಟೀಲು ಯಾವಾಗಿನಿಂದ?

ಬಾಯಾರು ಭಾವ:
ಅಜ್ಜನ ಕತ್ತಿ ತೋಡಿನಲ್ಲಿ ಹೋದ ಮೇಲೆ. ಗುಂಪಿಗೆ ಸೇರಿದ ವರ್ಷವೇ ಇರಬೇಕು.